ಹವೆ ಒಗ್ಗಲಿಲ್ಲವೆಂಬ ನೆಪ

ಬೆಂಗಳೂರಿನ ಮನೆಗಳಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಮಗು ಬೆಳಗ್ಗೆ ಎದ್ದೊಡನೆ ಹತ್ತು ಸಲ ಸೀನುತ್ತದೆ. ಚಳಿ ಬಿದ್ದೊಡನೆ ಕೆಮ್ಮು ಹತ್ತುತ್ತದೆ. ಒಂದು ರಾತ್ರಿ ಅದರ ಎದೆಯೊಳಗಿಂದ ಪಿಳ್ಳಂಗೋವಿ ಊದಿದಂಥ ಸದ್ದು ಕೇಳಿ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಮಾರನೆಯ ದಿನ ಊರಿನಿಂದ ಅಜ್ಜಿ ಫೋನು ಮಾಡುತ್ತಾರೆ: “ಮಗೂಗೆ ಆ ಊರಿನ ಹವೆ ಒಗ್ಗಲಿಲ್ಲ ಕಣಪ್ಪ, ಎರಡು ತಿಂಗಳು ಇಲ್ಲಿ ತಂದು ಬಿಡು.” ನೆರೆಮನೆಯವರೂ ಅದನ್ನೇ ಹೇಳುತ್ತಾರೆ, ಕಚೇರಿಯ ಗೆಳೆಯರೂ ಅದನ್ನೇ ಹೇಳುತ್ತಾರೆ. ಇಷ್ಟು ಜನ ಒಪ್ಪಿದ ಮೇಲೆ ಆ ಮಾತನ್ನು ಪರೀಕ್ಷೆ ಮಾಡುವ ಗೋಜಿಗೆ ಯಾರು ಹೋಗುತ್ತಾರೆ?

ನನಗೆ ಈ ಮಾತಿನ ಮೇಲೆ ಆಕ್ಷೇಪವಿದೆ. ಅಜ್ಜಿಯ ಮೇಲಲ್ಲ, ಆಕೆಯ ಕಕ್ಕುಲತೆ ನಿಜವಾದದ್ದು. ಆಕ್ಷೇಪ ಇರುವುದು ‘ಒಗ್ಗು’ ಎಂಬ ಕ್ರಿಯಾಪದ ಸದ್ದಿಲ್ಲದೆ ಮಾಡಿಬಿಡುವ ತೀರ್ಪಿನ ಮೇಲೆ. ನೀರು ಒಗ್ಗಲಿಲ್ಲ ಎಂದಾಗ ನಾವು ಬಾವಿಯನ್ನು ವಿಚಾರಣೆಗೆ ಕರೆಯುವುದಿಲ್ಲ. ಸೊಸೆಗೆ ಮನೆ ಒಗ್ಗಲಿಲ್ಲ ಎಂದಾಗ ಅತ್ತೆಯನ್ನು ಕರೆಯುವುದಿಲ್ಲ. ಒಗ್ಗಿಕೊಳ್ಳುವ ಹೊಣೆ ಯಾವಾಗಲೂ ಹೊಸದಾಗಿ ಬಂದವರದು, ಚಿಕ್ಕವರದು, ಬಲವಿಲ್ಲದವರದು. ಅಲರ್ಜಿಗೆ ಕನ್ನಡದಲ್ಲಿ ‘ಒಗ್ಗದಿಕೆ’ ಎಂಬ ಹೆಸರೂ ಬಂದು ನಿಂತಿದೆ. ಹೀಗಾಗಿ ಉಬ್ಬಸ ಪಡುವ ಮಗುವೇ ಅಪರಾಧಿಯ ಕಟಕಟೆಯಲ್ಲಿ ನಿಂತಂತಾಯಿತು. ಗಾಳಿಯನ್ನು ಕೆಡಿಸಿದವರು ಸಾಕ್ಷಿಗಳ ಬೆಂಚಿನಲ್ಲಿ ಕುಳಿತು ಮರುಗುತ್ತಿದ್ದಾರೆ.

‘ಹವೆ’ ಎಂದರೆ ಏನೆಂಬುದನ್ನು ಮೊದಲು ನೋಡೋಣ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರ, ಮಿತವಾದ ಬಿಸಿಲು, ಮಿತವಾದ ಚಳಿ, ವರ್ಷಕ್ಕೆ ಎರಡು ಮಳೆಗಾಲ: ಇದು ಬೆಂಗಳೂರಿನ ಹವೆ. ಈ ಹವೆಯನ್ನು ನಂಬಿ ಪಿಂಚಣಿದಾರರು ಎಲ್ಲೆಲ್ಲಿಂದಲೋ ಬಂದು ಇಲ್ಲಿ ಮನೆ ಕಟ್ಟಿಸಿಕೊಂಡರು. ಅವರ ಶ್ವಾಸಕ್ಕೆ ಒಗ್ಗಿದ ಹವೆ ಅವರ ಮೊಮ್ಮಕ್ಕಳ ಶ್ವಾಸಕ್ಕೆ ಏಕೆ ಒಗ್ಗಲಿಲ್ಲ? ಊರಿನ ಎತ್ತರ ಇಳಿದಿಲ್ಲ. ಮಳೆಗಾಲ ಎರಡೇ ಇವೆ. ಬದಲಾದದ್ದು ಬೇರೆ ಏನೋ ಇರಬೇಕು.

ಅದು ಏನೆಂಬುದಕ್ಕೆ ಲೆಕ್ಕವಿದೆ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ೧೮ ವರ್ಷದೊಳಗಿನ ೨೦,೦೦೦ ಮಕ್ಕಳನ್ನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿ ಬರೆದಿಟ್ಟ ಲೆಕ್ಕವದು, ೨೦೦೨ರಲ್ಲಿ ಪ್ರಕಟವಾಯಿತು. ೧೯೭೯ರಲ್ಲಿ ಆ ಮಕ್ಕಳಲ್ಲಿ ಅಸ್ತಮಾ ಇದ್ದವರು ಶೇಕಡಾ ೯. ೧೯೮೪ರಲ್ಲಿ ೧೦.೫. ೧೯೮೯ರಲ್ಲಿ ೧೮.೫. ೧೯೯೪ರಲ್ಲಿ ೨೪.೫. ೧೯೯೯ರಲ್ಲಿ ೨೯.೫. ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟಿಗಿಂತ ಹೆಚ್ಚು.

ಇದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು, ಎತ್ತಬೇಕು ಕೂಡ. ಅಸ್ತಮಾ ವಂಶದಲ್ಲಿ ಹರಿದು ಬರುವ ರೋಗವಲ್ಲವೆ, ಎಂಬುದು ಮೊದಲನೆಯದು. ಹೌದು, ಅದರ ಪ್ರವೃತ್ತಿ ತಂದೆತಾಯಿಗಳಿಂದ ಬರುತ್ತದೆ. ಆದರೆ ಒಂದು ಊರಿನ ಜನರ ರಕ್ತಗುಣ ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟು ಕೆಡುವುದಿಲ್ಲ. ಬೀಜ ಹಳೆಯದೇ, ಅದಕ್ಕೆ ನೀರೆರೆದವರು ಹೊಸಬರು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ ಎಂಬುದು ಎರಡನೆಯದು. ಕಾಯಿಲೆಯವರೇ ಆಸ್ಪತ್ರೆಗೆ ಬರುವುದು. ವೈದ್ಯರ ಹೆಸರು ಹರಡಿದಂತೆ ಬರುವವರೂ ಹೆಚ್ಚುವುದುಂಟು. ಈ ಆಕ್ಷೇಪ ನ್ಯಾಯವಾದದ್ದು. ಆ ವೈದ್ಯರಿಗೂ ಇದು ಹೊಳೆದಿದ್ದಿರಬೇಕು. ಆಸ್ಪತ್ರೆಯ ಲೆಕ್ಕದ ಜೊತೆಗೆ ಅವರು ೧೨ ಶಾಲೆಗಳಿಗೆ ಹೋಗಿ ೬ರಿಂದ ೧೫ ವರ್ಷದ ೬,೫೫೦ ಮಕ್ಕಳನ್ನೂ ಪರೀಕ್ಷೆಗೆ ತೆಗೆದುಕೊಂಡರು. ವಾಹನಸಂಚಾರ ಕಡಿಮೆಯಿರುವ ಕಡೆಯ ಶಾಲೆಗಳಲ್ಲಿ ಅಸ್ತಮಾ ಇದ್ದ ಮಕ್ಕಳು ಶೇಕಡಾ ೧೧.೧೫. ಸಂಚಾರ ದಟ್ಟವಾಗಿರುವ ಕಡೆ ೧೯.೩೪. ಸಂಚಾರವೂ ದಟ್ಟ, ಮನೆಯಲ್ಲಿ ಬಡತನವೂ ಉಂಟು ಎಂಬಂಥ ಮಕ್ಕಳ ಶಾಲೆಗಳಲ್ಲಿ ೩೧.೧೪.

ವಾಚಕರು ಈ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕೆಂದು ಬೇಡುತ್ತೇನೆ. ಊರು ಒಂದೇ, ಎತ್ತರ ಒಂದೇ, ಮಳೆ ಬಿಸಿಲು ಮಂಜು ಎಲ್ಲ ಒಂದೇ. ಹವೆ ಒಗ್ಗದಿರುವುದೇ ಕಾರಣವಾಗಿದ್ದರೆ ಮೂರು ಬಗೆಯ ಶಾಲೆಗಳಲ್ಲಿಯೂ ಅದು ಒಂದೇ ಪ್ರಮಾಣದಲ್ಲಿ ಒಗ್ಗದಿರಬೇಕಿತ್ತು. ಹವೆಗೆ ಶಾಲೆಯ ವಿಳಾಸ ತಿಳಿಯದು, ತಂದೆಯ ಸಂಬಳವೂ ತಿಳಿಯದು. ಅವೆರಡೂ ತಿಳಿದಿರುವುದು ಹೊಗೆಗೆ. ರಸ್ತೆಯ ಹೊಗೆ ದಟ್ಟಸಂಚಾರದ ಎರಡೂ ಬಗೆಯ ಶಾಲೆಗಳಿಗೆ ನುಗ್ಗಿತು. ಬಡವರ ಮಗು ಮನೆಗೆ ಹೋದ ಮೇಲೂ ಅದಕ್ಕೆ ಬಿಡುಗಡೆಯಿಲ್ಲ. ಕಿಟಕಿಯಿಲ್ಲದ ಅಡಿಗೆಮನೆ, ತೇವ ಹಿಡಿದ ಗೋಡೆ, ರಾತ್ರಿಯೆಲ್ಲ ಉರಿಯುವ ಸೊಳ್ಳೆಬತ್ತಿ, ಓಣಿಯ ಮೂಲೆಯಲ್ಲಿ ಸುಡುವ ಕಸ ಅದಕ್ಕಾಗಿ ಕಾದಿರುತ್ತವೆ. ಇದು ಇಪ್ಪತ್ತು ವರ್ಷಕ್ಕಿಂತ ಹಿಂದಿನ ಲೆಕ್ಕ. ಅಲ್ಲಿಂದೀಚೆಗೆ ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ.

ಇಷ್ಟು ಹೇಳಿದರೆ ನಮ್ಮ ಸುಶಿಕ್ಷಿತರು ಮರಗಳ ಕಡೆಗೆ ಕೈ ತೋರಿಸುತ್ತಾರೆ. ಹೊಗೆಯಲ್ಲ ಸ್ವಾಮಿ, ಪರಾಗ! ವಸಂತದಲ್ಲಿ ಬೀದಿಯ ಮರ ಹೂ ಬಿಟ್ಟೊಡನೆ, ಕೊಂಬೆ ಕಡಿಸಿಕೊಡಿರೆಂದು ಅರ್ಜಿ ಹೊರಡುತ್ತದೆ. ಪರಾಗದಿಂದ ಸೀನು, ಉಬ್ಬಸ ಬರುವುದು ನಿಜ. ಆದರೆ ಯಾವ ಪರಾಗದಿಂದ? ಗುಲ್‌ಮೊಹರಿನಂತೆ, ತಬೂಬಿಯಾದಂತೆ ಬಣ್ಣ ತೋರಿಸಿ ಕರೆಯುವ ಹೂಗಳು ಜೇನನ್ನೋ ಹಕ್ಕಿಯನ್ನೋ ನೆಚ್ಚಿಕೊಂಡಿರುವುವು; ಅವುಗಳ ಪರಾಗ ಅಂಟುಅಂಟಾಗಿ ತೂಕವಾಗಿರುತ್ತದೆ, ಗಾಳಿಯಲ್ಲಿ ಹೆಚ್ಚು ದೂರ ಹಾರದು. ಹಾರುವುದು ಕಣ್ಣಿಗೇ ಬೀಳದ ಹೂಗಳದ್ದು: ಹುಲ್ಲಿನದ್ದು, ಗಾಳಿಮರದ್ದು, ಎಲ್ಲಕ್ಕಿಂತ ಹೆಚ್ಚಾಗಿ ನಾವು ‘ಕಾಂಗ್ರೆಸ್ ಗಿಡ’ ಎಂದು ಕರೆಯುವ ಪಾರ್ಥೇನಿಯಮ್ಮಿನದ್ದು. ಕಾಣುವ ಹೂವಿಗೆ ಶಿಕ್ಷೆ, ಕಾಣದ ಕಳೆಗೆ ಕ್ಷಮೆ!

ಈ ಕಳೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಚರಿತ್ರೆಯೂ ಹೌದು. ಅಮೆರಿಕ ಖಂಡದಿಂದ ಬಂದ ಈ ಗಿಡವನ್ನು ನಮ್ಮ ದೇಶದಲ್ಲಿ ಪುಣೆಯ ಬಳಿ ಗುರುತಿಸಿದ್ದು ೧೯೫೦ರ ದಶಕದ ನಡುವಿನಲ್ಲಿ. ೧೯೭೫ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕರ ಕಳೆಯೆಂದು ಘೋಷಿಸಿತು. ೧೯೮೪ರಲ್ಲಿ, ಇದರ ಎಲೆಯನ್ನು ತಿನ್ನಲೆಂದೇ ಮೆಕ್ಸಿಕೋ ದೇಶದ ಒಂದು ಜೀರುಂಡೆಯನ್ನು ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ೧೯೯೧ರಲ್ಲಿ ಬೆಳಕಿಗೆ ಬಂದ ಬೆಂಗಳೂರಿನ ಒಂದು ಅಧ್ಯಯನದಲ್ಲಿ, ಅಲರ್ಜಿಯ ನೆಗಡಿಯಿಂದ ನರಳುವವರ ಪೈಕಿ ಶೇಕಡಾ ೩೪ ಮಂದಿಯ ಚರ್ಮ ಈ ಗಿಡದ ಪರಾಗಕ್ಕೆ ಕೆರಳಿತು. ಅಸ್ತಮಾ ರೋಗಿಗಳಲ್ಲಿ ಶೇಕಡಾ ೧೨ ಮಂದಿಯದು. ಜೀರುಂಡೆ ಮಳೆಗಾಲ ಬಂದಾಗಲೆಲ್ಲ ತನ್ನ ಪಾಲಿನ ಕೆಲಸವನ್ನು ಮಾಡುತ್ತಲೇ ಇದೆ; ಸಮಿತಿಯನ್ನೂ ಕೇಳಲಿಲ್ಲ, ಭತ್ಯೆಯನ್ನೂ ಕೇಳಲಿಲ್ಲ. ಮಾಡದೆ ಉಳಿದವರು ನಾವು. ಬಡಾವಣೆಯ ನಡುವೆ ಖಾಲಿ ನಿವೇಶನ ಕೊಂಡು, ಬೆಲೆಯೇರಲೆಂದು ಕಾದು, ಹತ್ತು ವರ್ಷ ಅದರ ಮುಖ ನೋಡದ ಮಹನೀಯರು ನಮ್ಮಲ್ಲಿ ಎಷ್ಟಿಲ್ಲ? ಅಲ್ಲಿ ಸೊಂಟದೆತ್ತರ ಬೆಳೆದ ಕಾಂಗ್ರೆಸ್ ಗಿಡದ ಪರಾಗವನ್ನು ಪಕ್ಕದ ಮನೆಯ ಮಗು ಉಸಿರಾಡುತ್ತದೆ. ಅದಕ್ಕೆ ನಾವು ಇಟ್ಟಿರುವ ಹೆಸರು: ಹವೆ ಒಗ್ಗಲಿಲ್ಲ!

ಪರಾಗವನ್ನೂ ಹೊಗೆಯನ್ನೂ ಬೇರೆಬೇರೆ ಖಾತೆಗಳಲ್ಲಿ ಬರೆಯುವುದೂ ಸರಿಯಲ್ಲ. ನಮ್ಮ ಪಾರ್ಥೇನಿಯಮ್ಮಿಗೆ ಅಮೆರಿಕದಲ್ಲಿ ರಾಗ್‌ವೀಡ್ ಎಂಬ ದಾಯಾದಿಯಿದೆ. ಆ ಪರಾಗಕ್ಕೆ ಅಲರ್ಜಿಯಿದ್ದವರ ಮೂಗಿನೊಳಕ್ಕೆ ಪರಾಗದ ಸಾರವನ್ನಷ್ಟೇ ಬಿಟ್ಟು ಒಂದು ಸಲ, ಡೀಸೆಲ್ ಮಸಿಯ ಜೊತೆಗೆ ಬಿಟ್ಟು ಇನ್ನೊಂದು ಸಲ ಅಲ್ಲಿನ ವಿಜ್ಞಾನಿಗಳು ೧೯೯೦ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. ಮಸಿ ಕೂಡಿದಾಗ ಅಲರ್ಜಿಯನ್ನು ಕೆರಳಿಸುವ ಪ್ರತಿವಿಷ ಬಹುಪಾಲು ಹೆಚ್ಚಿತು. ಪರಾಗ ಬೆಂಕಿಕಡ್ಡಿಯಾದರೆ ಮಸಿ ಸೀಮೆಎಣ್ಣೆ.

ಇತ್ತೀಚೆಗೆ ಇನ್ನೊಂದು ಹೊಸ ನೆಪ ಬಂದಿದೆ. ಅಜ್ಜಿ ಹವೆ ಎಂದದ್ದನ್ನು ಮೊಮ್ಮಗ ‘ಹವಾಮಾನ ಬದಲಾವಣೆ’ ಎನ್ನುತ್ತಾನೆ. ಭೂಮಿಗೆ ಭೂಮಿಯೇ ಕಾದು ಕೆಡುತ್ತಿರುವಾಗ ನಮ್ಮ ಬೀದಿಯಲ್ಲಿ ನಾವೇನು ಮಾಡಬಲ್ಲೆವು? ಅಮೆರಿಕ ಮಾಡಲಿ, ಚೀನಾ ಮಾಡಲಿ, ವಿಶ್ವಸಂಸ್ಥೆ ಮಾಡಲಿ. ಹಣೆಬರಹವೆಂಬ ಹಳೆಯ ಮಾತು ಕೋಟು ತೊಟ್ಟು ಬಂದಂತಿದೆ.

ಹವಾಮಾನ ಬದಲಾವಣೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವೂ ಹೌದು, ಉಸಿರಿನ ರೋಗಗಳನ್ನು ಅದು ಹೆಚ್ಚಿಸುತ್ತಿರುವುದೂ ನಿಜ. ಗಾಳಿಯಲ್ಲಿ ಇಂಗಾಲಾಮ್ಲ ಎರಡು ಪಟ್ಟಾದರೆ ರಾಗ್‌ವೀಡ್ ಗಿಡ ಶೇಕಡಾ ೬೧ರಷ್ಟು ಹೆಚ್ಚು ಪರಾಗ ಬಿಡುತ್ತದೆಂದು ೨೦೦೨ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಉತ್ತರ ಅಮೆರಿಕದಲ್ಲಿ ೧೯೯೦ರಿಂದ ೨೦೧೮ರೊಳಗೆ ಪರಾಗದ ಕಾಲ ಸುಮಾರು ೨೦ ದಿನ ಮುಂಚೆ ಬರತೊಡಗಿತು. ಪರಾಗದ ಪ್ರಮಾಣ ಶೇಕಡಾ ೨೧ರಷ್ಟು ಏರಿತು. ೨೦೧೬ರ ನವೆಂಬರ್ ೨೧ರ ಸಂಜೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಮೇಲೆ ಗುಡುಗುಮಳೆಯೊಂದು ಹಾದುಹೋಯಿತು. ಹುಲ್ಲಿನ ಪರಾಗ ತೇವವನ್ನು ಹೀರಿ ಒಡೆದು, ಕಣಕಣವಾಗಿ ಬೀಸುಗಾಳಿಯಲ್ಲಿ ಜನರ ಎದೆಗಿಳಿಯಿತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ತೀರಿಕೊಂಡರು. ಅಂದು ಉಸಿರು ಕಟ್ಟಿದವರಲ್ಲಿ ಅದುವರೆಗೆ ಬರಿಯ ಸೀನು ನೆಗಡಿಯಷ್ಟೇ ಇದ್ದವರೂ ಬಹಳ ಮಂದಿ ಇದ್ದರು. ನಮ್ಮಲ್ಲಿಯೂ ಬಿಸಿ ಏರುತ್ತಿದೆ. ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣ ೩೯.೨ ಡಿಗ್ರಿ ಮುಟ್ಟಿತು. ೨೦೨೪ರ ಏಪ್ರಿಲಿನಲ್ಲಿ ೩೮.೫. ವಾಹನದ ಹೊಗೆ ಇಂಥ ಬಿಸಿಲಲ್ಲಿ ಬೆಂದು ಓಜೋನ್ ಅನಿಲವಾಗುತ್ತದೆ. ಆಕಾಶದ ಮೇಲಿದ್ದರೆ ನಮ್ಮನ್ನು ಕಾಯುವ ಆ ಅನಿಲ ಮೂಗಿನ ಮಟ್ಟದಲ್ಲಿ ಶ್ವಾಸನಾಳವನ್ನು ಸುಡುವ ವಿಷ.

ಇಷ್ಟೆಲ್ಲ ಒಪ್ಪಿದ ಮೇಲೂ ಕೈ ಚೆಲ್ಲಿ ಕೂರಲು ಕಾರಣವಿಲ್ಲ ಎಂಬುದೇ ನನ್ನ ವಾದ. ಒಂದೇ ಕೊಳವೆಯಿಂದ ಎರಡು ಬಗೆಯ ಪಾಪ ಹೊರಬೀಳುತ್ತದೆ. ಇಂಗಾಲಾಮ್ಲ ಶತಮಾನಗಟ್ಟಲೆ ಆಕಾಶದಲ್ಲಿ ನಿಲ್ಲುತ್ತದೆ. ಅದರ ಲೆಕ್ಕ ಜಗತ್ತಿನದು, ಅದರ ಫಲ ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು. ಮಸಿಯ ಕಣ ಹಾಗಲ್ಲ. ಅದು ಹೆಚ್ಚೆಂದರೆ ಕೆಲವು ದಿನ, ಒಂದೆರಡು ವಾರ ಗಾಳಿಯಲ್ಲಿದ್ದು ಮಳೆಯೊಡನೆ ಕೆಳಗಿಳಿಯುತ್ತದೆ. ನಾವು ಉಗುಳುವುದನ್ನು ನಿಲ್ಲಿಸಿದರೆ ಇದೇ ತಿಂಗಳು, ಇದೇ ಬೀದಿಯಲ್ಲಿ ಗಾಳಿ ತಿಳಿಯಾಗುತ್ತದೆ. ನಂಬಿಕೆ ಬಾರದವರು ೨೦೨೦ರ ಏಪ್ರಿಲ್ ತಿಂಗಳನ್ನು ನೆನೆಯಲಿ. ಸಾಂಕ್ರಾಮಿಕದ ದಿಗ್ಬಂಧನದಲ್ಲಿ ವಾಹನಗಳು ನಿಂತವು. ಕೆಲವೇ ದಿನಗಳಲ್ಲಿ ಗಾಳಿಯ ಮಾಪಕಗಳ ಅಂಕಿ ಇಳಿಯಿತು. ಊರಿನ ಎತ್ತರ ಅಂದೂ ಅಷ್ಟೇ ಇತ್ತು, ಮರಗಳು ಅಂದೂ ಹೂ ಬಿಟ್ಟಿದ್ದವು. ಅಂಥ ಕಠಿಣ ಕಾಲ ಮತ್ತೆ ಬರಲೆಂದು ಯಾರೂ ಹಾರೈಸುವುದಿಲ್ಲ. ಆದರೆ ಅದು ಕಲಿಸಿದ ಪಾಠವನ್ನು ಮರೆಯುವುದು ಜಾಣತನವಲ್ಲ.

ನೆಪಗಳು ಜನರಲ್ಲಷ್ಟೇ ಅಲ್ಲ, ಸರ್ಕಾರದ ಕಾಗದದಲ್ಲಿಯೂ ಇವೆ. ತಲೆಗೂದಲಿನ ದಪ್ಪದಲ್ಲಿ ಮೂವತ್ತನೆಯ ಒಂದು ಪಾಲಿನಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಇವು ವರ್ಷದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ೫ ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಹೇಳಿತು. ನಮ್ಮ ದೇಶ ೨೦೦೯ರಲ್ಲಿ ಗೊತ್ತುಪಡಿಸಿದ ಮಿತಿ ೪೦. ಎಂಟು ಪಟ್ಟು! ನಮ್ಮ ಗಾಳಿಯ ಗುಣಸೂಚಿಯಲ್ಲಿ ದಿನದ ಸರಾಸರಿ ೬೦ರವರೆಗೆ ಇದ್ದರೂ ‘ತೃಪ್ತಿಕರ’ ಎಂಬ ಪ್ರಶಸ್ತಿ ಸಿಗುತ್ತದೆ. ಅದೇ ಸೂಚಿಯ ವಿವರಣೆಯಲ್ಲಿ, ಈ ‘ತೃಪ್ತಿಕರ’ ಗಾಳಿಯಿಂದ ಸೂಕ್ಷ್ಮ ಪ್ರಕೃತಿಯವರಿಗೆ ಉಸಿರಾಟದ ಅಲ್ಪ ತೊಂದರೆ ಆಗಬಹುದೆಂದೂ ಬರೆದಿದೆ. ಯಾರಿಗೆ ತೃಪ್ತಿ? ಉಸಿರಾಡುವ ಮಗುವಿಗೆ ತೃಪ್ತಿಯಿಲ್ಲ. ದೆಹಲಿಗಿಂತ ಬೆಂಗಳೂರು ಮೇಲಲ್ಲವೆ ಎಂದು ಎದೆ ತಟ್ಟಿಕೊಳ್ಳುವ ನಮಗೆ ಮಾತ್ರ ತೃಪ್ತಿ. ಕುಷ್ಠರೋಗಿಯನ್ನು ಕಂಡು ತುರಿಯವನು ಹಿಗ್ಗಿದ ಹಾಗೆ.

ಈ ತೃಪ್ತಿಗೆ ಬೆಲೆಯುಂಟು. ಲಂಡನ್ನಿನಲ್ಲಿ ಎಲ್ಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ ೨೦೧೩ರ ಫೆಬ್ರುವರಿಯಲ್ಲಿ ಅಸ್ತಮಾದಿಂದ ತೀರಿಕೊಂಡಳು. ಅವಳ ಮನೆ ವಾಹನ ಕಿಕ್ಕಿರಿದ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ. ಮಗಳಿಗೆ ಹವೆ ಒಗ್ಗಲಿಲ್ಲವೆಂದು ತಾಯಿ ಸುಮ್ಮನಾಗಲಿಲ್ಲ. ವರ್ಷಗಟ್ಟಲೆ ಹೋರಾಡಿ ಎರಡನೆಯ ವಿಚಾರಣೆ ಮಾಡಿಸಿದರು. ೨೦೨೦ರ ಡಿಸೆಂಬರಿನಲ್ಲಿ ವಿಚಾರಣಾಧಿಕಾರಿ, ಈ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣವೆಂದು ದಾಖಲೆಯಲ್ಲಿ ಬರೆದರು. ಒಬ್ಬ ವ್ಯಕ್ತಿಯ ಸಾವಿನ ಕಾರಣವಾಗಿ ಹೊಗೆಯ ಹೆಸರನ್ನು ಬರೆದದ್ದು ಬ್ರಿಟನ್ನಿನಲ್ಲಿ ಅದೇ ಮೊದಲು. ನಮ್ಮ ದೇಶದಲ್ಲಿ ಅಸ್ತಮಾ ರೋಗಿಗಳು ಸುಮಾರು ಮೂರೂವರೆ ಕೋಟಿ ಎಂದು ೨೦೧೯ರ ಜಾಗತಿಕ ಅಂದಾಜು ಹೇಳುತ್ತದೆ. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಸುಮಾರು ಶೇಕಡಾ ೧೩. ಅಸ್ತಮಾದ ಸಾವುಗಳಲ್ಲಿ ನಮ್ಮ ಪಾಲು ಶೇಕಡಾ ೪೦ಕ್ಕೂ ಹೆಚ್ಚು.

ಸಾವಿನ ಪಾಲು ಹೀಗೆ ಉಬ್ಬಿರುವುದರಲ್ಲಿ ಹೊಗೆಯೊಂದರದೇ ತಪ್ಪಲ್ಲ, ನಮ್ಮ ಸಂಕೋಚದ್ದೂ ಇದೆ. ಶ್ವಾಸನಾಳದ ಬಾವನ್ನು ಇಳಿಸುವ ಔಷಧವನ್ನು ಉಸಿರಿನೊಡನೆ ದಿನವೂ ಸೇದಿಕೊಂಡರೆ ಬಹುಪಾಲು ರೋಗಿಗಳು ಎಲ್ಲರಂತೆ ಓಡಾಡಿಕೊಂಡಿರಬಹುದು. ಆದರೆ ‘ಪಂಪು’ ಎಂದೊಡನೆ ನಮಗೆ ಅಂಜಿಕೆ: ಅಭ್ಯಾಸವಾಗಿಬಿಡುತ್ತದಂತೆ, ಹುಡುಗಿಯಾದರೆ ಗಂಡಿನ ಕಡೆಯವರಿಗೆ ತಿಳಿದುಬಿಡುತ್ತದಂತೆ! ಹವೆ ಒಗ್ಗಲಿಲ್ಲ ಎಂದರೆ ಮರ್ಯಾದೆ ಉಳಿಯುತ್ತದೆ, ಅಸ್ತಮಾ ಎಂದರೆ ಹೋಗುತ್ತದೆ. ಹೀಗೆ ಆ ಒಂದು ಮಾತು ಮಗುವಿಗೆ ಎರಡು ಸಲ ಅನ್ಯಾಯ ಮಾಡುತ್ತದೆ: ಹೊಗೆಯ ಹೆಸರನ್ನೂ ಮುಚ್ಚುತ್ತದೆ, ರೋಗದ ಹೆಸರನ್ನೂ ಮುಚ್ಚುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಪಟ್ಟಿ ದೊಡ್ಡದಲ್ಲ, ಹೊಸದೂ ಅಲ್ಲ. ಬಸ್ಸು ಹೆಚ್ಚಲಿ, ಬಸ್ಸಿಗೆ ದಾರಿ ಸಿಗಲಿ. ೨೦೧೯ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಪಥವೊಂದನ್ನು ಗುರುತು ಹಾಕಿದರು. ಮೆಟ್ರೋ ಕಾಮಗಾರಿಯ ಗದ್ದಲದಲ್ಲಿ ಅದು ಅಳಿಸಿಹೋಯಿತು, ಕೇಳಿದವರು ಕಡಿಮೆ. ಶಾಲೆಯ ಬಾಗಿಲಿನಿಂದ ವಾಹನಗಳನ್ನು ದೂರ ನಿಲ್ಲಿಸಲಿ. ಖಾಲಿ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲು ಕೀಳದ ಒಡೆಯನಿಂದ ದಂಡ ಕೀಳಲಿ. ಕಟ್ಟಡ ಕೆಡವುವವನು ಪರದೆ ಕಟ್ಟಿ ನೀರು ಚಿಮುಕಿಸಲಿ. ಎಲೆ, ಕಸ ಸುಡುವುದು ನಿಲ್ಲಲಿ. ಗಾಳಿಯ ಮಾಪಕವನ್ನು ಉದ್ಯಾನದ ತಂಪಿನಲ್ಲಿ ಇಟ್ಟದ್ದು ಸಾಕು. ಆ ಮೂರನೆಯ ಬಗೆಯ, ಶೇಕಡಾ ೩೧ರ ಶಾಲೆಗಳ ಅಂಗಳದಲ್ಲಿಯೂ ಇಡಲಿ.

ಇದೆಲ್ಲ ಸರ್ಕಾರದ ಕೆಲಸ ಎನ್ನುವಿರೇನೋ. ಪೂರ್ತಿ ಹಾಗಲ್ಲ. ತಮ್ಮ ಮಗುವಿಗೆ ರಸ್ತೆಯ ಹೊಗೆ ತಗಲದಿರಲೆಂದು ಅದನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ಶಾಲೆಯ ಮುಂದೆ ಎಂಜಿನ್ ಆರಿಸದೆ ಕಾಯುವ ತಂದೆತಾಯಿಗಳನ್ನು ದಿನವೂ ನೋಡುತ್ತೇವೆ. ಮನೆಯಲ್ಲಿ ಗಾಳಿ ಸೋಸುವ ಯಂತ್ರ ಕೊಂಡಿಟ್ಟವರೂ ಇದ್ದಾರೆ. ಅವರನ್ನು ಹಂಗಿಸುವುದಿಲ್ಲ, ಮಗುವಿನ ಉಬ್ಬಸವನ್ನು ರಾತ್ರಿಯೆಲ್ಲ ಕೇಳಿದವರು ಏನು ಮಾಡಲೂ ಸಿದ್ಧರಾಗುತ್ತಾರೆ. ಆದರೆ ಆ ಕಾರಿನ ಹಿಂದಿನ ಕೊಳವೆ ಯಾರ ಕಡೆಗೆ ಮುಖ ಮಾಡಿದೆ ಎಂಬುದನ್ನು ಒಮ್ಮೆ ಇಳಿದು ನೋಡಲಿ. ಅಲ್ಲಿ ಇನ್ನೊಬ್ಬರ ಮಗು ಚೀಲ ಹೊತ್ತು ನಡೆದು ಬರುತ್ತಿರುತ್ತದೆ. ನಾಳೆ ಅದು ಕೆಮ್ಮಿದರೆ, ದಯವಿಟ್ಟು ಹವೆ ಒಗ್ಗಲಿಲ್ಲವೆನ್ನಬೇಡಿ. ಆ ಮಗು ಈ ಊರಿಗೆ ಒಗ್ಗಿಯೇ ಇದೆ, ಇಲ್ಲಿಯೇ ಹುಟ್ಟಿದ್ದು. ಅದಕ್ಕೆ ಒಗ್ಗದಿರುವುದು ನಮ್ಮ ನಡತೆ.